ನಿಂತ ಯಂತ್ರವೂ ಸವೆಯುತ್ತದೆ

ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬು ನುರಿಸುವ ಹಂಗಾಮು ಮುಗಿದು ರಿಪೇರಿ ಕೆಲಸ ನಡೆದಿತ್ತು. ಹಿರಿಯ ಫಿಟ್ಟರ್ ಒಬ್ಬರು ಬೇರಿಂಗ್‌ನ ಹೊರ ಉಂಗುರವನ್ನು ನನ್ನ ಕೈಗಿಟ್ಟು 'ಒಳಗೆ ಉಗುರು ಎಳೀರಿ' ಅಂದರು. ಕಣ್ಣಿಗೆ ನುಣುಪಾಗಿ ಹೊಳೆಯುತ್ತಿದ್ದ ಉಕ್ಕು. ಆದರೆ ಉಗುರು ಅಲ್ಲಲ್ಲಿ ಸಿಕ್ಕಿಕೊಳ್ಳುತ್ತಾ ಹೋಯಿತು. ಸಮ ಅಂತರದಲ್ಲಿ ಸಣ್ಣ ತಗ್ಗುಗಳು, ಅಂಚಿನ ಗ್ರೀಸಿನಲ್ಲಿ ಕೆಂಪು ಪುಡಿ. ಬೇರಿಂಗ್‌ನಲ್ಲಿ ಗುಂಡುಗಳೆಷ್ಟೋ ತಗ್ಗುಗಳೂ ಅಷ್ಟೇ. ಸೋಜಿಗವೆಂದರೆ, ಇದಿದ್ದ ಪಂಪ್ ಹಂಗಾಮಿನಲ್ಲಿ ಒಂದು ದಿನವೂ ಓಡಿರಲಿಲ್ಲ. 'ಇದು ಓಡಿ ಸವೆದದ್ದಲ್ಲ ಸಾರ್, ನಿಂತು ಸವೆದದ್ದು.'

ಅದು ಸ್ಟ್ಯಾಂಡ್‌ಬೈ ಪಂಪ್. ಅದೇ ಅಡಿಪಾಯದ ಮೇಲಿದ್ದ ಜೋಡಿ ಪಂಪ್ ಹಗಲುರಾತ್ರಿ ಓಡುತ್ತಿತ್ತು. ಅದರ ನಡುಕ ನೆಲದ ಮೂಲಕ ಇದಕ್ಕೂ ದಾಟುತ್ತಿತ್ತು. ಯಂತ್ರ ತಿರುಗುತ್ತಿದ್ದರೆ ಗುಂಡುಗಳು ಉರುಳುತ್ತಾ ಗ್ರೀಸನ್ನು ಎಳೆದುಕೊಂಡು ಹೋಗುತ್ತವೆ. ನಿಂತಿದ್ದಾಗ ಪ್ರತಿ ಗುಂಡೂ ಕೂತಲ್ಲೇ ಮಿಸುಕುತ್ತಾ ಗ್ರೀಸನ್ನು ಹೊರಗೆ ಹಿಂಡಿ ಲೋಹಕ್ಕೆ ಲೋಹ ಉಜ್ಜುತ್ತದೆ. ಕೆಂಪು ಪುಡಿ ಎಂದರೆ ಆ ಉಜ್ಜಾಟದ ತುಕ್ಕು. ಎಂಜಿನಿಯರುಗಳು ಇದಕ್ಕೆ ಫಾಲ್ಸ್ ಬ್ರಿನೆಲಿಂಗ್ ಅನ್ನುತ್ತಾರೆ. 1930ರ ದಶಕದಲ್ಲೇ ಅಮೆರಿಕದ ಕಾರು ತಯಾರಕರನ್ನು ಇದು ಕಾಡಿತ್ತು: ಡೆಟ್ರಾಯಿಟ್‌ನಿಂದ ರೈಲಿನಲ್ಲಿ ದೂರದೂರಿಗೆ ಹೋದ ಹೊಚ್ಚಹೊಸ ಕಾರುಗಳ ಚಕ್ರದ ಬೇರಿಂಗ್‌ಗಳು ರಸ್ತೆಗಿಳಿಯುವ ಮೊದಲೇ ಹಾಳಾಗಿರುತ್ತಿದ್ದವು. ಪರಿಹಾರ ಸುಲಭ. ಎರಡೂ ಪಂಪ್‌ಗಳನ್ನು ಸರದಿಯಲ್ಲಿ ಓಡಿಸಬೇಕು, ಇಲ್ಲವೇ ನಿಂತದ್ದರ ಶಾಫ್ಟನ್ನು ಆಗಾಗ ಕೈಯಿಂದ ತಿರುಗಿಸಿ ಗುಂಡುಗಳ ಜಾಗ ಬದಲಿಸಬೇಕು. ಇಂಥ ಪಂಪ್‌ಗೆ ಕಂಪನ ಅಳೆಯುವ ಸೆನ್ಸರ್ ಅಂಟಿಸಿದ್ದರೂ ಪರದೆಯಲ್ಲಿ ಹಸಿರು ದೀಪವೇ ಉರಿಯುತ್ತಿತ್ತು. ಕಂಪನ ಅಷ್ಟು ಕಡಿಮೆ!

ಓಡುವ ಯಂತ್ರದ ವಿಷಯದಲ್ಲಿ ಮಾತ್ರ ಸೆನ್ಸರ್‌ಗೆ ಸಲಾಂ ಹೊಡೆಯಲೇಬೇಕು. 6205 ಎಂಬ ಸಾಮಾನ್ಯ ಬೇರಿಂಗ್‌ನಲ್ಲಿ 9 ಗುಂಡುಗಳಿವೆ. ಮೋಟರು ನಿಮಿಷಕ್ಕೆ 1440 ಸುತ್ತು, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುವಾಗ ಹೊರ ಉಂಗುರದಲ್ಲಿ ಚಕ್ಕೆ ಎದ್ದಿದ್ದರೆ ಸೆಕೆಂಡಿಗೆ ಸುಮಾರು 86 ಪೆಟ್ಟು, ಒಳ ಉಂಗುರದಲ್ಲಾದರೆ ಸುಮಾರು 130. ಬೇರಿಂಗ್ ಬಿಚ್ಚದೆಯೇ ಗಾಯ ಎಲ್ಲಿದೆ ಎಂದು ಹೇಳಬಹುದು. ಬಾಯ್ಲರ್‌ನ ಹೊಗೆ ಹೊರಗೆಳೆಯುವ ಐ.ಡಿ. ಫ್ಯಾನಿನ ರೆಕ್ಕೆಗೆ ಬಗಾಸ್ (ಕಬ್ಬಿನ ಸಿಪ್ಪೆ) ಬೂದಿ ಒಂದೇ ಕಡೆ ಕೂತರೆ ನಡುಕ ಸುತ್ತಿಗೊಂದರಂತೆ ಏರುತ್ತದೆ. ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಗೊತ್ತಿ ಕೇಳುವ ಫಿಟ್ಟರ್‌ಗಳ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಅವರ ಕಿವಿಗೆ ಬೀಳುವ ಎಷ್ಟೋ ಮೊದಲೇ ಸೆನ್ಸರ್‌ಗೆ ಇದು ಸಿಗುತ್ತದೆ.

ಬೇರಿಂಗ್ ಮಟ್ಟಿಗೆ ಉಷ್ಣತೆಯದು ತಡವಾಗಿ ಮುಟ್ಟುವ ತಂತಿ. ಕೈಸುಡುವಷ್ಟು ಬಿಸಿಯಾಗುವ ಹೊತ್ತಿಗೆ ಬೇರಿಂಗ್ ಕಥೆ ಬಹುಪಾಲು ಮುಗಿದಿರುತ್ತದೆ. ಗ್ರೀಸ್ ಹೆಚ್ಚು ತುಂಬಿದರೂ ಬಿಸಿ ಏರುತ್ತದೆ. ಮೋಟರಿನ ವೈಂಡಿಂಗ್‌ನ ಲೆಕ್ಕವೇ ಬೇರೆ. 10 ಡಿಗ್ರಿ ಹೆಚ್ಚು ಬಿಸಿಗೆ ಇನ್ಸುಲೇಷನ್‌ನ ಆಯುಸ್ಸು ಅರ್ಧ ಎಂಬ ಹಳೆಯ ಅಂದಾಜು ಈಗಲೂ ಚಾಲ್ತಿಯಲ್ಲಿದೆ.

ಹೀಗೆ ಅಳೆದು ನೋಡುವ ಬದಲು 'ಕೆಟ್ಟಿದೆಯೋ ಇಲ್ಲವೋ, ಇಷ್ಟು ದಿನಕ್ಕೊಮ್ಮೆ ಬಿಚ್ಚಿ ನೋಡು' ಎಂಬ ಪದ್ಧತಿಗೆ ಪೆಟ್ಟು ಕೊಟ್ಟವರು ಜೀವವಿಜ್ಞಾನಿ ಸಿ.ಎಚ್. ವಾಡಿಂಗ್ಟನ್. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕೋಸ್ಟಲ್ ಕಮಾಂಡ್‌ನ ವಿಮಾನಗಳ ದಾಖಲೆ ತಿರುವಿದಾಗ, 50 ಗಂಟೆಗೊಮ್ಮೆ ನಡೆಯುವ ತಪಾಸಣೆಯ ಬೆನ್ನಿಗೇ ರಿಪೇರಿಗಳು ಏರಿ, ದಿನ ಕಳೆದಂತೆ ಇಳಿಯುವುದು ಕಂಡಿತು. ತಪಾಸಣೆಯೇ ರೋಗ ತರುತ್ತಿತ್ತು! ಅವರ ಪುಸ್ತಕ ಹೊರಬಂದದ್ದು 1973ರಲ್ಲಿ. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೋಲನ್ ಮತ್ತು ಹೀಪ್ ಬರೆದ ವರದಿಯೂ ಇದೇ ದಾರಿಯದು: ವಿಮಾನದ ಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಲಕ್ಷಣ ಕಂಡದ್ದು ಶೇ 11ರಲ್ಲಿ ಮಾತ್ರ.

ಈಗ ಮಾರಾಟಗಾರರು ಈ ಸೆನ್ಸರ್ ಲೆಕ್ಕಗಳಿಗೆಲ್ಲ ಎ.ಐ. ಎಂಬ ಜರಿಪಂಚೆ ಉಡಿಸಿ ತರುತ್ತಿದ್ದಾರೆ. ನನ್ನ ಅನುಮಾನ ತಂತ್ರಜ್ಞಾನದ ಮೇಲಲ್ಲ, ಅದರ ಎದುರು ಕೂತವರ ಅಧಿಕಾರದ ಮೇಲೆ. 2009ರ ಆಗಸ್ಟ್ 17ರಂದು ಸೈಬೀರಿಯಾದ ಸಯಾನೊ-ಶುಶೆನ್‌ಸ್ಕಾಯಾ ಜಲವಿದ್ಯುತ್ ಕೇಂದ್ರದ 2ನೇ ಟರ್ಬೈನಿನ ಮುಚ್ಚಳ ಹಾರಿಹೋಯಿತು. ನೀರು ನುಗ್ಗಿ 75 ಜನ ಸತ್ತರು. ಮುಚ್ಚಳ ಹಿಡಿದಿದ್ದ ಬೋಲ್ಟುಗಳು ದಣಿದು ಬಿರುಕು ಬಿಟ್ಟಿದ್ದವು. ತನಿಖಾ ವರದಿಯ ಪ್ರಕಾರ ಟರ್ಬೈನ್ ಬೇರಿಂಗ್‌ನ ಕಂಪನಕ್ಕಿದ್ದ ಮಿತಿ 160 ಮೈಕ್ರಾನ್. ದುರಂತದ ಕ್ಷಣದ ಹೊತ್ತಿಗೆ ದಾಖಲಾಗಿದ್ದು 840. ಅಂಕಿ ಇತ್ತು, ಯಂತ್ರ ಓಡುತ್ತಲೇ ಇತ್ತು.

ನಮ್ಮ ಕಾರ್ಖಾನೆಗಳಲ್ಲಿ ಗೇಟಿನಾಚೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಿರುವಾಗ ಮಿಲ್ ನಿಲ್ಲಿಸು ಅನ್ನುವ ಎದೆಗಾರಿಕೆ ಪಾಳಿ ಎಂಜಿನಿಯರ್‌ಗೆ ಎಲ್ಲಿಂದ ಬರಬೇಕು? ಆದ್ದರಿಂದ ಮಾಲೀಕರಲ್ಲಿ ಒಂದು ವಿನಂತಿ. ಕೊಟೇಶನ್ ತರಿಸುವ ಮೊದಲು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ: ಕಂಪನ ಯಾವ ಅಂಕಿ ದಾಟಿದರೆ ರಾತ್ರಿ ಎರಡು ಗಂಟೆಗೂ ಯಾರನ್ನೂ ಕೇಳದೆ ಯಂತ್ರ ನಿಲ್ಲಿಸಬಹುದು, ಯಾರು ನಿಲ್ಲಿಸಬಹುದು. ಆ ಹಾಳೆ ಕಂಟ್ರೋಲ್ ರೂಮಿನ ಗೋಡೆಗೇರುವವರೆಗೆ ಸೆನ್ಸರ್‌ಗೆ ದುಡ್ಡು ಸುರಿಯಬೇಡಿ.