ನಿಮಗಿದು ಗೊತ್ತೇ? ಮೆಲುದನಿಯಲ್ಲೇ ಮರುಳು ಮಾಡುವ ಬೋಸಾ ನೋವಾ

ಬ್ರೆಜಿಲ್ ಎಂದೊಡನೆ ಕಾರ್ನಿವಲ್, ಸಾಂಬಾ, ಬೀದಿ ತುಂಬಿದ ಡೋಲುಗಳ ಅಬ್ಬರ ನೆನಪಾಗುತ್ತದೆ. ಆ ಸಾಂಬಾವೇ ಒಂದು ಗಿಟಾರಿನೊಳಗೆ ಇಳಿದು, ಪಕ್ಕದಲ್ಲಿ ಕೂತವರಿಗಷ್ಟೇ ಕೇಳುವಂತೆ ಹಾಡತೊಡಗಿದಾಗ ಬೋಸಾ ನೋವಾ ಹುಟ್ಟಿತು. 'ಬೋಸಾ' ರಿಯೊ ಡಿ ಜನೈರೊದ ಆಡುಮಾತು. ಸಹಜವಾಗಿ ಒಲಿದ ಕೈಚಳಕ, ಒಂದು ವರಸೆ ಎಂಬರ್ಥ. 'ನೋವಾ' ಎಂದರೆ ಹೊಸತು.

ಇದು ಹದಗೊಂಡದ್ದು ಬಚ್ಚಲುಮನೆಯಲ್ಲಿ! 1950ರ ದಶಕದ ನಡುವೆ ರಿಯೊದಲ್ಲಿ ನೆಲೆ ಸಿಗದೆ ಸೋತಿದ್ದ ಗಾಯಕ ಜೊವಾವ್ ಜಿಲ್ಬೆರ್ಟೊ, ಡಯಮಂಟಿನಾ ಊರಿನಲ್ಲಿದ್ದ ಸೋದರಿಯ ಮನೆ ಸೇರಿದರು. ತಿಂಗಳುಗಟ್ಟಲೆ ಬಚ್ಚಲಲ್ಲೇ ಕೂತು ಗಿಟಾರ್ ನುಡಿಸಿದರು. ಟೈಲ್ಸ್ ಗೋಡೆಗೆ ತಾಗಿದ ದನಿ ತುಂಬಿಕೊಂಡು ಮರಳುತ್ತಿತ್ತು. ಗಂಟಲೆತ್ತಿ ಹಾಡಬೇಕಿಲ್ಲ ಎಂಬುದು ಅವರಿಗೆ ಅಲ್ಲಿ ಮನದಟ್ಟಾಯಿತು. ಮಗನ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಹೆದರಿದ ಮನೆಯವರು ವೈದ್ಯರಿಗೂ ತೋರಿಸಿದ್ದರು.

ಜೊವಾವ್ ಗಿಟಾರಿನ ಗುಟ್ಟು ಬಲಗೈಯಲ್ಲಿದೆ. ಹೆಬ್ಬೆರಳು ಸಾಂಬಾದ ದೊಡ್ಡ ಡೋಲಿನಂತೆ ಒಂದೇ ಸಮನೆ ನಡೆಯುತ್ತದೆ. ಉಳಿದ ಬೆರಳುಗಳು ತಂತಿಗಳನ್ನು ಒಟ್ಟಿಗೆ ಮೀಟಿ, ಪುಟ್ಟ ತಂಬೊರಿಮ್ ವಾದ್ಯದಂತೆ ತಾಳದ ಸಂದುಗಳಲ್ಲಿ ಬೀಳುತ್ತವೆ. ಇವೆರಡರ ಮೇಲೆ ಹಾಡು ಒಮ್ಮೆ ಮುಂದೆ ಓಡುತ್ತದೆ, ಒಮ್ಮೆ ಹಿಂದೆ ಉಳಿಯುತ್ತದೆ, ಆದರೆ ಲಯ ಮಾತ್ರ ಎಲ್ಲೂ ತಪ್ಪುವುದಿಲ್ಲ. ಮತ್ತೆ ಮತ್ತೆ ಕೇಳಬೇಕೆನಿಸುವುದು ಈ ಜಗ್ಗಾಟಕ್ಕೇ ಎಂದು ನನ್ನ ಗಟ್ಟಿ ನಂಬಿಕೆ.

1958ರ ಜುಲೈನಲ್ಲಿ ಅವರು 'ಶೆಗಾ ಡಿ ಸೌದಾಡಿ' ಧ್ವನಿಮುದ್ರಿಸಿದರು. ಸಂಗೀತ ಟಾಮ್ ಜೊಬಿಮ್ ಅವರದು, ಸಾಹಿತ್ಯ ಕವಿ ವಿನಿಸಿಯಸ್ ಡಿ ಮೊರೈಸ್ ಅವರದು. ದನಿಗೊಂದು, ಗಿಟಾರಿಗೊಂದು ಮೈಕ್ ಬೇಕೆಂದು ಜೊವಾವ್ ಹಟ ಹಿಡಿದರು. ಆ ಹಾಡು ಇರುವುದು ಬರೀ ಎರಡು ನಿಮಿಷ!

'ದೆಸಾಫಿನಾಡೊ' ಇನ್ನೊಂದು ಹಾಡು. ಹಾಗೆಂದರೆ ಶ್ರುತಿ ತಪ್ಪಿದವನು. ಹೆಸರು ಹಾಗಿದ್ದರೂ ಅದನ್ನು ಶ್ರುತಿಶುದ್ಧವಾಗಿ ಹಾಡಲು ಪಳಗಿದ ಗಂಟಲೇ ಬೇಕು. ಜೊಬಿಮ್ ಜೊತೆ ಇದನ್ನು ರಚಿಸಿದ ನ್ಯೂಟನ್ ಮೆಂಡೋನ್ಸಾ 1960ರಲ್ಲಿ, 33ನೇ ವಯಸ್ಸಿಗೇ ತೀರಿಕೊಂಡರು. ತಮ್ಮ ಹಾಡು ಜಗತ್ತು ಸುತ್ತಿದ್ದನ್ನು ಅವರು ನೋಡಲೇ ಇಲ್ಲ.

ರಿಯೊದ ಕೋಪಕಬಾನದಲ್ಲಿ 'ಬಾಟಲಿ ಓಣಿ' ಎಂಬ ಜಾಗವಿದೆ. ಬೋಸಾ ನೋವಾ ಕೇಳಿಬರುತ್ತಿದ್ದ ಅಲ್ಲಿನ ಪುಟ್ಟ ಕ್ಲಬ್ಬುಗಳ ರಾತ್ರಿ ಗದ್ದಲ ತಾಳಲಾರದೆ ಮೇಲಿನ ಮನೆಯವರು ಬಾಟಲಿ ಎಸೆಯುತ್ತಿದ್ದರಂತೆ.

ಅಮೆರಿಕದಲ್ಲಿ ಹುಚ್ಚು ಹಿಡಿಸಿದ 'ಜಾಝ್ ಸಾಂಬಾ' ಆಲ್ಬಂ 1962ರ ಫೆಬ್ರುವರಿಯಲ್ಲಿ ಧ್ವನಿಮುದ್ರಣಗೊಂಡದ್ದು ವಾಷಿಂಗ್ಟನ್ನಿನ ಒಂದು ಚರ್ಚಿನಲ್ಲಿ. ಸ್ಯಾಕ್ಸೊಫೋನ್ ಸ್ಟ್ಯಾನ್ ಗೆಟ್ಸ್, ಗಿಟಾರ್ ಚಾರ್ಲಿ ಬರ್ಡ್. ಅದೇ ವರ್ಷ ನವೆಂಬರ್ 21ರಂದು ಬ್ರೆಜಿಲ್‌ನ ಕಲಾವಿದರೇ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ವೇದಿಕೆ ಏರಿದರು.

'ಇಪನೆಮಾದ ಹುಡುಗಿ' ಹಾಡನ್ನು ಜೊಬಿಮ್ ಮತ್ತು ವಿನಿಸಿಯಸ್ ಬಾರಿನಲ್ಲಿ ಕೂತು ಬರೆದರೆಂದು ಹಲವರು ನಂಬಿದ್ದಾರೆ. ಬಾರಿನಿಂದ ಹುಡುಗಿಯನ್ನು ಕಂಡದ್ದು ನಿಜ. ರಾಗ ಹಾಕಿದ್ದು ಜೊಬಿಮ್ ಮನೆಯಲ್ಲಿ, ವಿನಿಸಿಯಸ್ ಸಾಹಿತ್ಯ ಬರೆದದ್ದು ದೂರದ ಪೆಟ್ರೊಪೊಲಿಸ್ ಊರಿನಲ್ಲಿ.

1963ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಅದರ ಇಂಗ್ಲಿಷ್ ಸಾಲುಗಳನ್ನು ಹಾಡಿದವರು ಜೊವಾವ್ ಪತ್ನಿ ಆಸ್ಟ್ರುಡ್. ವಯಸ್ಸು 22, ವೃತ್ತಿಗಾಯಕಿಯಾಗಿ ಹೆಸರೇನೂ ಇರಲಿಲ್ಲ. ಅಲಂಕಾರವಿಲ್ಲದ ಆ ಸಪಾಟು ದನಿ ಮನೆಮನೆ ಮುಟ್ಟಿತು. ಈ ಹಾಡಿದ್ದ 'ಗೆಟ್ಸ್/ಜಿಲ್ಬೆರ್ಟೊ' ಆಲ್ಬಂ 1965ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಗೆದ್ದಿತು. ಆದರೆ ಅದರ ಮುಖಪುಟದಲ್ಲಿ ಆಸ್ಟ್ರುಡ್ ಹೆಸರೇ ಇರಲಿಲ್ಲ. ಇದು ಅನ್ಯಾಯ.

ವಿನಿಸಿಯಸ್ ವೃತ್ತಿಯಿಂದ ರಾಜತಾಂತ್ರಿಕರು. ಸೇನಾ ಸರ್ಕಾರ 1969ರಲ್ಲಿ ಅವರನ್ನು ಸೇವೆಯಿಂದ ಹೊರಹಾಕಿತು. 2010ರಲ್ಲಿ ಬ್ರೆಜಿಲ್ ಅವರಿಗೆ ಮರಣೋತ್ತರವಾಗಿ ರಾಯಭಾರಿ ಪದವಿ ಕೊಟ್ಟಿತು. ಅವರು ತೀರಿ ಆಗಲೇ 30 ವರ್ಷವಾಗಿತ್ತು.

ರಿಯೊದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಜೊಬಿಮ್ ಹೆಸರಿದೆ. ಅವರು ಹುಟ್ಟಿದ ಜನವರಿ 25 ಬ್ರೆಜಿಲ್‌ನಲ್ಲಿ ರಾಷ್ಟ್ರೀಯ ಬೋಸಾ ನೋವಾ ದಿನ.

ಹೊಸದಾಗಿ ಕೇಳುವವರು ಜೊವಾವ್ ಅವರ 1959ರ ಮೊದಲ ಆಲ್ಬಂನಿಂದ ಶುರುಮಾಡಿ. ಹನ್ನೆರಡು ಹಾಡುಗಳಿದ್ದರೂ ಅರ್ಧ ಗಂಟೆ ಹಿಡಿಯುವುದಿಲ್ಲ. ಮನೆಮಂದಿ ಮಲಗಿದ ಮೇಲೆ, ವಾಲ್ಯೂಮ್ ತಗ್ಗಿಸಿಯೇ ಕೇಳಿ.