ಕೇಳುವ ವಿದ್ಯೆಗೊಂದು ಪರೀಕ್ಷೆ

‘ಕೋಚಿಂಗ್’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ನಾಡಿನವರ ಮನಸ್ಸಿಗೆ ಬರುವುದು ಸಿ.ಇ.ಟಿ., ನೀಟ್ ಪರೀಕ್ಷೆಗಳ ಪಾಠದ ತರಗತಿಗಳು. ಇಲ್ಲವೆ ಆಟದ ಬಯಲಿನಲ್ಲಿ ಸಿಳ್ಳೆ ಹಿಡಿದು ನಿಂತ ತರಬೇತುದಾರರು. ಆದುದರಿಂದ ಧಾರವಾಡದ ನಮ್ಮ ಮನೆಯ ಹಿರಿಯ ಸೊಸೆ ಕೋಚಿಂಗ್ ಪರೀಕ್ಷೆಗೆ ಓದುತ್ತಿದ್ದಾಳೆಂದು ತಿಳಿದ ನೆರೆಹೊರೆಯವರು, “ಟ್ಯೂಷನ್ ಯಾವಾಗ ಶುರು ಮಾಡ್ತಾರ್ರಿ?” ಎಂದು ವಿಚಾರಿಸಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದ ನಾವೂ ಹಾಗೆಯೇ ತಿಳಿದಿದ್ದೆವು.

ಅವಳು ಹಿಡಿದ ವೃತ್ತಿ ಬೇರೆಯೇ. ಉದ್ಯೋಗದಲ್ಲಿಯೋ ಬದುಕಿನಲ್ಲಿಯೋ ಒಂದು ತಿರುವಿನಲ್ಲಿ ನಿಂತವರೊಡನೆ ಕುಳಿತು, ತಕ್ಕ ಪ್ರಶ್ನೆಗಳನ್ನು ಕೇಳಿ, ಅವರ ದಾರಿಯನ್ನು ಅವರೇ ಕಂಡುಕೊಳ್ಳುವಂತೆ ಮಾಡುವ ಕಾಯಕವದು. ಕೋಚ್ ಆದವರು ಪಾಠ ಹೇಳುವುದಿಲ್ಲ, ಬುದ್ಧಿವಾದ ಹೇಳುವುದಿಲ್ಲ, ರೋಗಕ್ಕೆ ಚಿಕಿತ್ಸೆ ಮಾಡುವುದೂ ಇಲ್ಲ. ಈ ವೃತ್ತಿಗೆ ನಮ್ಮ ದೇಶದಲ್ಲಿ ಸರ್ಕಾರದ ಪರವಾನಗಿಯ ಕಟ್ಟಳೆಯಿಲ್ಲ. ಯಾರು ಬೇಕಾದರೂ ಫಲಕ ತೂಗುಹಾಕಬಹುದು. ಆ ಕಾರಣದಿಂದಲೇ ಪ್ರಾಮಾಣಿಕರಾದವರು ಯೋಗ್ಯತೆಯ ಮುದ್ರೆಯೊಂದನ್ನು ಬಯಸುತ್ತಾರೆ. ಅಮೆರಿಕದಲ್ಲಿ 1995ರಲ್ಲಿ ಸ್ಥಾಪಿತವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಎಂಬ ಸಂಸ್ಥೆ ನೀಡುವ ಪ್ರಮಾಣಪತ್ರ ಅಂಥದೊಂದು ಮುದ್ರೆ.

ಇದರಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದಕ್ಕೆ 60 ಗಂಟೆಗಳ ಶಿಕ್ಷಣ ಹಾಗೂ 100 ಗಂಟೆಗಳ ಅನುಭವ ಬೇಕು. ಎರಡನೆಯದಕ್ಕೆ 125 ಗಂಟೆಗಳ ಶಿಕ್ಷಣ, 500 ಗಂಟೆಗಳ ಅನುಭವ. ಮೂರನೆಯದಕ್ಕೆ 200 ಗಂಟೆಗಳ ಶಿಕ್ಷಣ, 2,500 ಗಂಟೆಗಳ ಅನುಭವ. ಇದಲ್ಲದೆ ಅನುಭವಿ ಕೋಚ್ ಒಬ್ಬರ ಮುಂದೆ ಕುಳಿತು, ಕನಿಷ್ಠ ಮೂರು ತಿಂಗಳ ಅವಧಿಯಲ್ಲಿ, 10 ಗಂಟೆಗಳ ಕಾಲ ತನ್ನ ಕೆಲಸವನ್ನು ತಿದ್ದಿಸಿಕೊಳ್ಳಬೇಕು. ನಮ್ಮ ಸೊಸೆ ಏರಹೊರಟದ್ದು ಎರಡನೆಯ ಮೆಟ್ಟಿಲನ್ನು.

2022ರಲ್ಲಿ ಆರಂಭವಾದ ಈ ಪರೀಕ್ಷೆಯ ಕ್ರಮ ವಿಚಿತ್ರವಾಗಿದೆ. 78 ಸನ್ನಿವೇಶಗಳು, ಅವಧಿ ಮೂರು ಗಂಟೆ, ಒಂದೊಂದಕ್ಕೂ ಸಿಗುವುದು ಎರಡು ನಿಮಿಷಕ್ಕೆ ತುಸು ಹೆಚ್ಚು. ಪ್ರತಿ ಸನ್ನಿವೇಶದ ಕೆಳಗೆ ಕೋಚ್ ಕೈಗೊಳ್ಳಬಹುದಾದ ನಾಲ್ಕು ನಡೆಗಳಿರುತ್ತವೆ. ಅವುಗಳಲ್ಲಿ ಅತ್ಯುತ್ತಮವಾದುದನ್ನೂ ಅತ್ಯಂತ ಕೆಟ್ಟದ್ದನ್ನೂ ಗುರುತಿಸಬೇಕು. 200ರಿಂದ 600ರವರೆಗಿನ ಅಂಕಮಾಪನದಲ್ಲಿ 460 ಬಂದರೆ ತೇರ್ಗಡೆ.

ಹದಿನೆಂಟು ವರ್ಷಗಳ ನೌಕರಿಯನ್ನು ಬಿಟ್ಟು ಬಂದ ಅವಳು ಮೊದಲ ಸಲ 442 ಅಂಕ ಪಡೆದು ಅನುತ್ತೀರ್ಣಳಾದಳು. ಮನೆಯಲ್ಲಿ ಯಾರೂ ಒಂದು ಮಾತನ್ನೂ ಆಡಲಿಲ್ಲವಾದರೂ ಆ ಮೌನವೇ ಅವಳಿಗೆ ಭಾರವಾಗಿತ್ತು. ಕಟ್ಟಿದ ಶುಲ್ಕ, ನಿಂತುಹೋದ ಸಂಬಳ, ತೀರದ ಮನೆಸಾಲ ಎಲ್ಲವೂ ಎಲ್ಲರಿಗೂ ಗೊತ್ತಿದ್ದ ಸಂಗತಿಗಳೇ.

ಕೆಲವು ದಿನಗಳ ನಂತರ ಅವಳು ತಾನೇ ಹೆಣೆದ ಒಂದು ಸನ್ನಿವೇಶವನ್ನು ನಮ್ಮ ಮುಂದಿಟ್ಟಳು. ಒಬ್ಬ ಅಧಿಕಾರಿ ಕೋಚ್ ಬಳಿಗೆ ಬಂದು, ‘ನನಗೆ ಈ ಕೆಲಸ ಸಾಕಾಗಿದೆ, ಬಿಡಲೇ ಬೇಡವೇ ಹೇಳಿ’ ಎನ್ನುತ್ತಾನೆ. ಕೋಚ್ ಏನು ಮಾಡಬೇಕು? ಬಿಡಬೇಡ ಎಂದು ತನ್ನ ಅನುಭವದಿಂದ ಹೇಳುವುದೇ? ಬಿಟ್ಟರೆ ಆಗುವ ಲಾಭನಷ್ಟಗಳ ಪಟ್ಟಿಯನ್ನು ತಾನೇ ಬರೆದುಕೊಡುವುದೇ? ಅವನ ಶುಲ್ಕ ತೆರುವ ಕಂಪನಿಗೆ ವಿಷಯ ತಿಳಿಸುವುದೇ? ಅಥವಾ, ಈ ನಿರ್ಧಾರದಲ್ಲಿ ಅವನಿಗೆ ಮುಖ್ಯವಾದುದೇನೆಂದು ಕೇಳಿ ಕಾಯುವುದೇ?

“ಪಟ್ಟಿ ಬರೆದುಕೊಡೋದು ಚಲೋ ಅಲ್ಲೇನವ್ವಾ?” ಎಂದೆವು ನಾವು.

“ನಾನೂ ಹಂಗ ತಿಳಿದು ನಪಾಸಾದೆ, ಮಾವಾರ” ಎಂದಳು.

ಇಲ್ಲಿಯೇ ಆ ಪರೀಕ್ಷೆಯ ಗುಟ್ಟಿರುವುದು. ಸಲಹೆ ಎಷ್ಟೇ ಒಳ್ಳೆಯದಾಗಿರಲಿ, ಎದುರಿನವರ ಯೋಚನೆಯನ್ನು ನಾವು ಕಸಿದುಕೊಂಡಂತಾಗುತ್ತದೆ. ಆದ್ದರಿಂದ ಕೊನೆಯ ನಡೆಯೇ ಉತ್ತಮ. ಗುಟ್ಟು ಬಯಲು ಮಾಡುವುದು ವಿಶ್ವಾಸಘಾತ. ಅದು ಅತ್ಯಂತ ಕೆಟ್ಟದ್ದು. ಸಂಸ್ಥೆಯು ವಿಧಿಸಿದ ಎಂಟು ಸಾಮರ್ಥ್ಯಗಳೂ ಇದನ್ನೇ ಸಾರುತ್ತವೆ: ನೀತಿಬದ್ಧ ನಡೆ, ಕೋಚ್‌ಗೆ ತಕ್ಕ ಮನೋಭಾವ, ಸ್ಪಷ್ಟ ಒಪ್ಪಂದ, ವಿಶ್ವಾಸ, ಅವಧಾನ, ಆಲಿಸುವಿಕೆ, ಅರಿವು ಮೂಡಿಸುವುದು, ಬೆಳವಣಿಗೆಗೆ ನೆರವಾಗುವುದು. ಇವುಗಳನ್ನು ಒಂದು ರಾತ್ರಿಯಲ್ಲಿ ಕಂಠಪಾಠ ಮಾಡಬಹುದು. ಆದರೆ ಪರೀಕ್ಷೆ ಕೇಳುವುದು ಪಾಠವನ್ನಲ್ಲ, ಸ್ವಭಾವವನ್ನು.

ಆ ಬಳಿಕ ಅವಳ ಸಿದ್ಧತೆಯ ರೀತಿಯೇ ಬದಲಾಯಿತು. ಮಾದರಿ ಸನ್ನಿವೇಶಗಳಲ್ಲಿ ಅತ್ಯಂತ ಕೆಟ್ಟ ನಡೆಯನ್ನು ಮೊದಲು ಗುರುತಿಸಿ, ಅದು ಯಾವ ಸಾಮರ್ಥ್ಯಕ್ಕೆ ಅಥವಾ ಯಾವ ನೀತಿಗೆ ವಿರುದ್ಧವೆಂದು ಪಕ್ಕದಲ್ಲಿ ಬರೆಯುತ್ತಿದ್ದಳು. ನೀತಿಸಂಹಿತೆಯನ್ನು ಹಲವು ಬಾರಿ ಓದಿದಳು. ತಿಂಗಳುಗಟ್ಟಲೆ ನಿದ್ರೆಯಿಲ್ಲದೆ, ಬದುಕೇ ಬೇಡವೆನ್ನುವವರು ಬಂದರೆ ಅವರನ್ನು ಮನೋವೈದ್ಯರ ಬಳಿಗೆ ಕಳುಹಿಸುವುದೇ ಕೋಚ್‌ನ ಕರ್ತವ್ಯವೆಂಬುದನ್ನು ಮನನ ಮಾಡಿಕೊಂಡಳು. ಒಪ್ಪಿಗೆ ಪಡೆದು ಧ್ವನಿಮುದ್ರಿಸಿದ ಸಂವಾದಗಳನ್ನು ಮತ್ತೆ ಕೇಳಿ, ತಾನು ಎಷ್ಟು ನಿಮಿಷ ಮಾತಾಡಿದೆ, ಎದುರಿನವರು ಎಷ್ಟು ನಿಮಿಷ ಮಾತಾಡಿದರು ಎಂದು ಎಣಿಸಿದಳು. ವಾರಕ್ಕೊಮ್ಮೆ ಗಡಿಯಾರವಿಟ್ಟು ಮೂರು ಗಂಟೆ ಕುಳಿತಳು.

ಈ ನಡುವೆ ನಮಗೂ ಒಂದು ಪರೀಕ್ಷೆ ಒದಗಿತು. ಹತ್ತನೆಯ ತರಗತಿ ಮುಗಿಸಿದ ಮೊಮ್ಮಗ ವಿಜ್ಞಾನ ಬೇಡ, ಕಾಮರ್ಸ್ ಸಾಕೆಂದು ಹಟ ಹಿಡಿದಿದ್ದ. ನಾವು ಮೂರು ದಿನ ಬುದ್ಧಿ ಹೇಳಿದೆವು. ಅವನು ಮೂರು ದಿನ ತಲೆ ತಗ್ಗಿಸಿ ಕುಳಿತ. ನಾಲ್ಕನೆಯ ದಿನ ಸೊಸೆ ಮೆಲ್ಲಗೆ, “ಮಾವಾರ, ಇವತ್ತು ಏನೂ ಹೇಳಬ್ಯಾಡ್ರಿ, ಬರೇ ಕೇಳ್ರಿ” ಎಂದಳು. ಸಂಜೆ ಅಂಗಳದಲ್ಲಿ ಅವನ ಪಕ್ಕದಲ್ಲಿ ಕುಳಿತು, “ನಿನಗ ಏನು ಬೇಕಪಾ?” ಎಂದಷ್ಟೇ ಕೇಳಿ ಸುಮ್ಮನಾದೆವು. ಆ ಮೌನವನ್ನು ಹಿಡಿದಿಡುವುದು ನಮಗೆ ಎಷ್ಟು ಕಷ್ಟವಾಯಿತೆಂಬುದನ್ನು ಮಾಸ್ತರಿಕೆ ಮಾಡಿದವರೇ ಬಲ್ಲರು.

ಬಹಳ ಹೊತ್ತಿನ ಮೇಲೆ ಹುಡುಗ ಬಾಯಿಬಿಟ್ಟ: “ಅಜ್ಜಾ, ನನಗ ಸೈನ್ಸೇ ಬೇಕು. ಆದ್ರ ಕೋಚಿಂಗ್ ಕ್ಲಾಸಿನ ಫೀ ಭಾಳ ಐತಿ. ಅವ್ವನ ಪಗಾರ ನಿಂತದ.”

ನಮ್ಮ ಮೂರು ದಿನಗಳ ಬುದ್ಧಿವಾದದಲ್ಲಿ ಈ ಮಾತಿಗೆ ಎಡೆಯೇ ಇರಲಿಲ್ಲ. ಒಳಬಾಗಿಲಲ್ಲಿ ನಿಂತಿದ್ದ ತಾಯಿಯ ಕಣ್ಣು ತುಂಬಿತು. ಅಂದು ರಾತ್ರಿ ಮನೆಯ ಲೆಕ್ಕವನ್ನು ಎಲ್ಲರೂ ಕೂಡಿ ಹುಡುಗನ ಎದುರಿಗೇ ಬಿಚ್ಚಿ ನೋಡಿದೆವು. ನಮ್ಮ ಪಿಂಚಣಿಯಲ್ಲಿ ಒಂದು ಪಾಲು ಅವನ ಓದಿಗೆಂದು ನಿಶ್ಚಯವಾಯಿತು. ಈಗ ಅವನು ವಿಜ್ಞಾನ ಓದುತ್ತಿದ್ದಾನೆ. ಎರಡನೆಯ ಯತ್ನದಲ್ಲಿ ಅವನ ತಾಯಿಯೂ ತೇರ್ಗಡೆಯಾದಳು.

ನಮ್ಮ ನುಡಿಯಲ್ಲಿ ‘ಕೇಳು’ ಎಂಬ ಒಂದೇ ಪದಕ್ಕೆ ಪ್ರಶ್ನಿಸು, ಆಲಿಸು ಎಂಬ ಎರಡೂ ಅರ್ಥಗಳಿವೆ. ಆ ಪರೀಕ್ಷೆಗೆ ಕುಳಿತುಕೊಳ್ಳುವ ಸೋದರ ಸೋದರಿಯರು ಈ ಒಂದು ಪದವನ್ನು ಎರಡೂ ಅರ್ಥಗಳಲ್ಲಿ ಸಾಧಿಸಿದರೆ ಸಿದ್ಧತೆಯ ಬಹುಭಾಗ ಮುಗಿದಂತೆಯೇ ಸರಿ. ಪರೀಕ್ಷೆಗೆ ಕುಳಿತುಕೊಳ್ಳದ ನಮ್ಮಂಥ ಹಿರಿಯರೂ ವಾರಕ್ಕೊಂದು ಸಂಜೆಯಾದರೂ ಮಕ್ಕಳ ಬಳಿ ಕುಳಿತು, ಹೇಳುವುದನ್ನು ಬಿಟ್ಟು ಕೇಳಿ ನೋಡಬೇಕು. ಮನೆಯಲ್ಲಿ ಇಷ್ಟು ದಿನ ಹೇಳದೆ ಉಳಿದುದೇನೆಂಬುದು ಆಗ ತಿಳಿದೀತು.