ಕಡತ ಹುಡುಕಿಕೊಡುವ ಕೆಲಸ: ಗುಡವಿ ಕಡೆಯ ಹುಡುಗ ಹುಡುಗಿಯರಿಗೆ

ಗುಡವಿಯ ರೈತನೊಬ್ಬ ಅಣ್ಣತಮ್ಮಂದಿರ ಪಾಲು ಮುಗಿಸಿ ಪೋಡಿ ಮಾಡಿಸಬೇಕೆಂದರೆ 16 ಕಿ.ಮೀ. ದೂರದ ಸೊರಬಕ್ಕೆ ಹೋಗಬೇಕು. ಸರ್ವೆಯವರ ಹತ್ತಿರ ಮೂಲ ಟಿಪ್ಪಣಿ, ಆಕಾರ್‌ಬಂದ್. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿ, ಮ್ಯುಟೇಶನ್. ಅಜ್ಜ ಗೇಣಿಗೆ ಮಾಡುತ್ತಿದ್ದ ಜಮೀನಾದರೆ ಭೂ ನ್ಯಾಯಮಂಡಳಿಯ ಕಡತವೂ ಬೇಕು. ಇವುಗಳಲ್ಲಿ ಒಂದು ಸಿಗದಿದ್ದರೂ ಕೆಲಸ ಅಲ್ಲಿಗೇ ನಿಂತಿತು. ‘ಕಡತ ಲಭ್ಯವಿಲ್ಲ’ ಎಂಬ ಒಂದು ಸಾಲಿನ ಹಿಂಬರಹ ಹಿಡಿದುಕೊಂಡು ವಾಪಸು ಬಸ್ಸು ಹತ್ತಿದವರು ಮಲೆನಾಡಿನ ಪ್ರತಿ ಊರಲ್ಲೂ ಇದ್ದಾರೆ. ಎಷ್ಟೋ ಸಲ ಆ ಕಡತ ಸುಟ್ಟೂ ಇರುವುದಿಲ್ಲ, ಗೆದ್ದಲು ತಿಂದೂ ಇರುವುದಿಲ್ಲ. ಪಕ್ಕದ ಊರಿನ ಕಟ್ಟಿನೊಳಗೆ ಸೇರಿಕೊಂಡಿರುತ್ತದೆ. ಕಚೇರಿಯಲ್ಲಿ ಇರುವ ಕಡತ ಕೇಳಿದವರ ಕೈಗೆ ಸಿಗುವಂತೆ ಮಾಡುವುದೇ ದಾಖಲೆ ನಿರ್ವಹಣೆ. ಇದನ್ನು ಕಲಿತು ಹೊಟ್ಟೆಪಾಡಿನ ಕೆಲಸ ಮಾಡಿಕೊಳ್ಳಬಹುದು ಎಂದು ನಮ್ಮ ಕಡೆಯ ಮಕ್ಕಳಿಗೆ ಹೇಳುವವರೇ ಇಲ್ಲ.

ಕೆಲಸ ಎಂಥದ್ದು ಎಂದು ತಿಳಿಯಲು ಭೂ ನ್ಯಾಯಮಂಡಳಿಯ ಒಂದೇ ಒಂದು ಕಟ್ಟು ಬಿಚ್ಚಿ ನೋಡೋಣ. ಭೂ ಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಕಡತದಲ್ಲಿ ಆ ಅರ್ಜಿ ಇರುತ್ತದೆ. ನೋಟಿಸು, ಒಡೆಯರ ಹೇಳಿಕೆ, ಗೇಣಿದಾರನ ಹೇಳಿಕೆ, ಮಂಡಳಿಯ ಆದೇಶ, ಕೊನೆಗೆ ನಮೂನೆ 10ರ ಪ್ರತಿ. ಕಟ್ಟುಗಳನ್ನು ಜೋಡಿಸಿರುವುದು ಪ್ರಕರಣದ ಸಂಖ್ಯೆ ಮತ್ತು ವರ್ಷದ ಮೇಲೆ. ಬಂದವರಿಗೆ ಆ ಸಂಖ್ಯೆ ಎಲ್ಲಿ ಗೊತ್ತು? ಅವರ ಬಾಯಲ್ಲಿ ಇರುವುದು ಸರ್ವೆ ನಂಬರು ಮತ್ತು ಅಜ್ಜನ ಹೆಸರು. ಆ ಹೆಸರೂ ಒಂದು ಕಾಗದದಲ್ಲಿ ಈರಪ್ಪ, ಇನ್ನೊಂದರಲ್ಲಿ ವೀರಪ್ಪ. ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ ಎಂಬುದು ಗೊತ್ತಿಲ್ಲದವರು ಅದೇ ಹಾಳೆಯನ್ನು ಮೂರು ಸಲ ತಿರುವಿದರೂ ದಾಟಿ ಹೋಗುತ್ತಾರೆ. ಅದಕ್ಕೇ ಊರು, ಸರ್ವೆ ನಂಬರು, ಹಿಸ್ಸೆ, ಅರ್ಜಿದಾರ, ಪ್ರಕರಣದ ಸಂಖ್ಯೆ, ಕಟ್ಟಿನ ಸಂಖ್ಯೆ, ಬೀರುವಿನ ಖಾನೆ ಇಷ್ಟನ್ನೂ ಒಂದೇ ಸಾಲಿನಲ್ಲಿ ತೋರಿಸುವ ಸೂಚಿ ಪುಸ್ತಕ ಬೇಕು. ಒಳ್ಳೆಯ ಸೂಚಿ ಮಾಡಬಲ್ಲವರು ಈ ವೃತ್ತಿಗೆ ಅರ್ಧ ತಯಾರಾದಂತೆ.

ಉಳಿದರ್ಧದಲ್ಲಿ ಕಾಗದದ ಆಯಸ್ಸನ್ನು ಗೊತ್ತು ಮಾಡುವುದು ಮುಖ್ಯ. ಕಡತ ಮುಕ್ತಾಯವಾದಾಗ ಅದಕ್ಕೆ ವರ್ಗ ಹಾಕಬೇಕು: ಶಾಶ್ವತವಾಗಿ ಇಡುವಂಥದ್ದು, ಇಂತಿಷ್ಟು ವರ್ಷ ಇಟ್ಟು ನಾಶ ಮಾಡುವಂಥದ್ದು. ನಾಶ ಮಾಡುವುದೂ ಈ ಕೆಲಸದ ಭಾಗವೇ. ಪಟ್ಟಿ ಮಾಡಿ, ಮೇಲಧಿಕಾರಿಯ ಸಹಿ ಪಡೆದು, ಆ ಪಟ್ಟಿಯನ್ನು ಉಳಿಸಿಕೊಳ್ಳಬೇಕು. ಬೇಡದ್ದನ್ನು ತೆಗೆಯದ ಕೋಣೆಯಲ್ಲಿ ಬೇಕಾದದ್ದು ಸಿಗುವುದಿಲ್ಲ. ಇನ್ನು ನಮ್ಮ ಮಳೆಗಾಲದ ವಿಷಯ. ರ‍್ಯಾಕು ಗೋಡೆಗೆ ತಾಗಬಾರದು, ಕೆಳಗಿನ ಕಟ್ಟು ನೆಲ ಮುಟ್ಟಬಾರದು, ತುಕ್ಕು ಹಿಡಿಯುವ ಪಿನ್ನು ತೆಗೆದು ದಾರ ಹಾಕಬೇಕು, ಹರಿದ ಹಾಳೆಗೆ ಸೆಲ್ಲೋಟೇಪು ಅಂಟಿಸಲೇಬಾರದು. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಾಳೆಯನ್ನು ಕಂದು ಮಾಡಿ ಅಕ್ಷರವನ್ನು ನುಂಗುತ್ತದೆ.

ಸೂಚಿಯ ಬೆಲೆ ಏನೆಂದು ನಮ್ಮ ತಾಲ್ಲೂಕುಗಳೇ ಜಗತ್ತಿಗೆ ತೋರಿಸಿವೆ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಸಂಖ್ಯೆ ಕೊಟ್ಟರು. ಶಿಕಾರಿಪುರದ್ದು 7ನೇ ಸಂಪುಟ, ಸೊರಬದ್ದು 8ನೇ ಸಂಪುಟ. ಕದಂಬರ ತಾಳಗುಂದ ಸ್ತಂಭಶಾಸನ ಇಂದಿಗೂ ವಿದ್ವಾಂಸರಿಗೆ ‘ಶಿಕಾರಿಪುರ 176’. ನೂರು ವರ್ಷ ದಾಟಿದರೂ ಆ ಒಂದು ಸಂಖ್ಯೆ ಹಿಡಿದು ಯಾರು ಬೇಕಾದರೂ ಪಾಠ ತೆರೆದು ಓದಬಹುದು.

ಈಗ ಸ್ಕ್ಯಾನಿಂಗ್ ಬಂದಿದೆ. ಕಂದಾಯ ಇಲಾಖೆ 2024ರಲ್ಲಿ ಆರಂಭಿಸಿದ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಪುಟಪುಟವಾಗಿ ಗಣಕಕ್ಕೆ ಏರಿಸುತ್ತಿದ್ದಾರೆ. ಇದರಿಂದ ರೆಕಾರ್ಡ್ ರೂಮಿನವರ ಕೆಲಸ ಹೋಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸರ್ವೆ ನಂಬರು ತಪ್ಪಾಗಿ ನಮೂದಾದ ಕಡತ ಗಣಕದಲ್ಲೂ ಕಳೆದುಹೋಗುತ್ತದೆ, ಅಲ್ಲಿ ಅದನ್ನು ಹುಡುಕುವುದು ಇನ್ನೂ ಕಷ್ಟ. ಹಳೆಯ ಕೈಬರಹ ಓದಬಲ್ಲ, 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ನಾಲಿಗೆಯ ತುದಿಯಲ್ಲಿರುವ ಕನ್ನಡದ ಹುಡುಗಿಯೊಬ್ಬಳು ಸ್ಕ್ಯಾನರ್ ಪಕ್ಕ ಕೂತಿದ್ದರೆ ಅರ್ಧ ತಪ್ಪು ಅಲ್ಲೇ ತಪ್ಪುತ್ತದೆ.

ದಾರಿಗಳು ಹಲವಿವೆ. ಪಿಯುಸಿ ಮುಗಿಸಿದವರು ದ್ವಿತೀಯ ದರ್ಜೆ ಸಹಾಯಕ, ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳ ಪರೀಕ್ಷೆ ಬರೆಯಬಹುದು. ಪದವೀಧರರಿಗೆ ಪ್ರಥಮ ದರ್ಜೆ ಸಹಾಯಕ ಹುದ್ದೆಯಿದೆ. ರೆಕಾರ್ಡ್ ರೂಮಿನ ಹೊಣೆ ಸಾಮಾನ್ಯವಾಗಿ ಬೀಳುವುದು ಇವರ ಮೇಲೆಯೇ. ಬಹಳ ಮಂದಿ ಅದನ್ನು ಶಿಕ್ಷೆ ಎಂದುಕೊಳ್ಳುತ್ತಾರೆ. ಇಷ್ಟಪಟ್ಟು ಕೇಳಿ ಪಡೆದವರು ಎರಡು ವರ್ಷದಲ್ಲಿ ಇಡೀ ಕಚೇರಿಗೆ ಬೇಕಾದವರಾಗುತ್ತಾರೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಓದಬಹುದು. ವರ್ಗೀಕರಣದ ಬುದ್ಧಿ ಅಲ್ಲಿ ಹದವಾಗಿ ಬರುತ್ತದೆ. ಇತಿಹಾಸದಲ್ಲಿ ಎಂ.ಎ. ಮಾಡಿದವರಿಗೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ, ದಾಖಲೆ ನಿರ್ವಹಣೆ ಮತ್ತು ದುರಸ್ತಿಗೆ ಕೆಲ ವಾರಗಳ ಸಣ್ಣ ಕೋರ್ಸುಗಳೂ ಇವೆ. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ ಒಂದು ದಿನ ಕೂತು ಬಂದರೂ ಕಣ್ಣು ತೆರೆಯುತ್ತದೆ. ಆಸ್ಪತ್ರೆಗಳಲ್ಲಿ ವೈದ್ಯಕೀಯ ದಾಖಲೆ ತಂತ್ರಜ್ಞರ ಹುದ್ದೆ ಇದೆ, ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಅದಕ್ಕೆ ಸಾಕು. ತಾಳೆಗರಿಯ ಕಡೆ ಮನಸ್ಸಿದ್ದರೆ ಸಾಗರ ತಾಲ್ಲೂಕಿನ ಕೆಳದಿ ವಸ್ತುಸಂಗ್ರಹಾಲಯ ಹತ್ತಿರವೇ ಇದೆ. ಕೆಳದಿ ಗುಂಡಾ ಜೋಯಿಸರು ತಿಗಳಾರಿ ಲಿಪಿಯ ಓಲೆಗಳನ್ನು ಓದಿ, ಪಟ್ಟಿ ಮಾಡಿ ಉಳಿಸಿದ ಜಾಗ ಅದು.

ಕಾನೂನೂ ಸ್ವಲ್ಪ ಗೊತ್ತಿರಲಿ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಎ) ಪ್ರಕಾರ ಪ್ರತಿ ಕಚೇರಿಯೂ ದಾಖಲೆಗಳ ಪಟ್ಟಿ ಮತ್ತು ಸೂಚಿ ಇಡಲೇಬೇಕು. ಕಾಡಂಚಿನ ನಮ್ಮ ಜನರಿಗೆ ಅರಣ್ಯ ಹಕ್ಕು ಕಾಯ್ದೆ ಇನ್ನೂ ಹತ್ತಿರದ್ದು. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷಗಳ ವಾಸವನ್ನು ತೋರಿಸಬೇಕು, ಅಂದರೆ 1930ರ ಸುಮಾರಿನ ಕಾಗದ. ಹಿರಿಯರ ಹೇಳಿಕೆಗೂ ಬೆಲೆ ಇದೆ, ಆದರೆ ಜೊತೆಗೆ ಒಂದು ಹಳೆಯ ಕಾಗದ ಸಿಕ್ಕರೆ ಆ ಕುಟುಂಬದ ಅರ್ಜಿಯ ತೂಕವೇ ಬೇರೆ.

ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ಮನೆಯ ಟ್ರಂಕು ತೆಗೆಯಿರಿ. ಕಂದಾಯ ರಸೀದಿ, ಪಾಲುಪಟ್ಟಿ, ಸೊಸೈಟಿ ಸಾಲದ ಪುಸ್ತಕ ಎಲ್ಲವನ್ನೂ ಹೊರಗಿಟ್ಟು ಒಂದೊಂದಕ್ಕೂ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿ, ನೋಟ್‌ಬುಕ್ಕಿನಲ್ಲಿ ಸೂಚಿ ಬರೆಯಿರಿ. ಆಮೇಲೆ ಅಪ್ಪನನ್ನೋ ಅಜ್ಜಿಯನ್ನೋ ಕರೆದು ಯಾವುದಾದರೂ ಒಂದು ಕಾಗದ ಕೇಳಲು ಹೇಳಿ. ಎರಡು ನಿಮಿಷದಲ್ಲಿ ಕೈಗೆ ಕೊಡಲಾದರೆ, ಮುಂದಿನ ಅಧಿಸೂಚನೆ ಬಂದಾಗ ಧೈರ್ಯವಾಗಿ ಅರ್ಜಿ ಹಾಕಿ.